ಏಳನೆಯ ತಿಂಗಳಲ್ಲಿ ಸಕ್ಕರೆ ಕಾಯಿಲೆ ಎಂದರು. ಮನೆಯ ಊಟದಲ್ಲಿ ಬದಲಿಸಬೇಕಾದದ್ದೇನು?

ಪ್ರಶ್ನೆ: ಶಾಲಾ ಶಿಕ್ಷಕಿ, ತಿಪಟೂರು ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನನಗೆ 29 ವರ್ಷ, ಇದು ಚೊಚ್ಚಲ ಬಸಿರು, ಈಗ 26 ವಾರ ತುಂಬಿದೆ. ಮೂರನೆಯ ತಿಂಗಳಲ್ಲಿ ತಾಯಿ ಕಾರ್ಡ್ ಮಾಡಿಸಿದಾಗ ಗ್ಲೂಕೋಸ್ ನೀರು ಕುಡಿಸಿ ರಕ್ತ ಪರೀಕ್ಷೆ ಮಾಡಿದ್ದರು. ಆಗ 112 ಬಂದಿತ್ತು, ಏನೂ ತೊಂದರೆಯಿಲ್ಲ ಎಂದಿದ್ದರು. ಕಳೆದ ವಾರ ಅದೇ ಪರೀಕ್ಷೆ ಮತ್ತೆ ಮಾಡಿದಾಗ 162 ಬಂದಿದೆ. ಎರಡು ವಾರ ಪಥ್ಯ ಮಾಡಿ, ಹತೋಟಿಗೆ ಬಾರದಿದ್ದರೆ ಇನ್ಸುಲಿನ್ ಕೊಡಬೇಕಾಗುತ್ತದೆ ಎಂದು ವೈದ್ಯರು ಚೀಟಿಯಲ್ಲಿ ಬರೆದುಕೊಟ್ಟರು. ಹೊರಗೆ ಸಾಲು ದೊಡ್ಡದಿತ್ತು, ಹೆಚ್ಚು ಕೇಳಲು ಆಗಲಿಲ್ಲ.

ಗ್ಲೂಕೋಮೀಟರ್ ತಂದು ನಾಲ್ಕು ದಿನಗಳಿಂದ ಬರೆದಿಡುತ್ತಿದ್ದೇನೆ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ 84ರಿಂದ 89ರವರೆಗೆ ಇರುತ್ತದೆ. ನಾಲ್ಕು ಇಡ್ಲಿ ತಿಂದು ಎರಡು ಗಂಟೆಯ ನಂತರ 151 ಬಂತು. ಸಕ್ಕರೆಗೆ ಬದಲು ಒಳ್ಳೆಯದೆಂದು ಬೆಲ್ಲ ಹಾಕಿದ ರಾಗಿ ಗಂಜಿ ಕುಡಿದ ದಿನ 158 ಬಂತು. ರಾತ್ರಿ ಮುದ್ದೆ, ಹುರುಳಿಕಾಳಿನ ಸಾರು ಉಂಡಾಗ ಮಾತ್ರ 118 ಇತ್ತು. ಗಂಜಿಯೂ ರಾಗಿ, ಮುದ್ದೆಯೂ ರಾಗಿ. ಈ ವ್ಯತ್ಯಾಸ ನನಗೆ ಅರ್ಥವಾಗಲಿಲ್ಲ.

ನಮ್ಮ ತಂದೆಗೆ ಸಕ್ಕರೆ ಕಾಯಿಲೆ ಇದೆ. ಅತ್ತೆಯವರು ಬಹಳ ಅಕ್ಕರೆಯವರು, ಆದರೆ ಎರಡು ಜೀವ ಉಣ್ಣಬೇಕು ಎಂದು ತಟ್ಟೆಗೆ ಇನ್ನೊಂದು ಸೌಟು ಬಡಿಸದೆ ಬಿಡುವುದಿಲ್ಲ. ಮುಂದಿನ ತಿಂಗಳು ಸೀಮಂತವೂ ಇದೆ. ನನ್ನ ಪ್ರಶ್ನೆಗಳು ಮೂರು. ಮನೆಯ ಅಡುಗೆಯಲ್ಲಿ ಏನನ್ನು ಬದಲಿಸಬೇಕು? ಇನ್ಸುಲಿನ್ ಒಮ್ಮೆ ಶುರು ಮಾಡಿದರೆ ಜೀವನಪರ್ಯಂತ ಬೇಕಾಗುತ್ತದೆಯೇ? ಐದನೆಯ ತಿಂಗಳಲ್ಲಿ ಬಯಕೆಯೆಂದು ದಿನವೂ ಮಾವಿನಹಣ್ಣು ತಿಂದೆ. ಮಗುವಿಗೆ ನಾನೇ ಕೇಡು ಮಾಡಿದೆನೇ?

ಉತ್ತರ 1: ಪ್ರಸೂತಿ ವೈದ್ಯೆ, ತಾಲ್ಲೂಕು ಆಸ್ಪತ್ರೆ

ನಿಮ್ಮ ಮೂರನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ನಿದ್ದೆ ಕೆಡಿಸುತ್ತಿರುವುದು ಅದೇ ಎಂದು ಕಾಣುತ್ತದೆ. ಮಾವಿನಹಣ್ಣಿನಿಂದ ಈ ತೊಂದರೆ ಹುಟ್ಟಿದ್ದಲ್ಲ. ಮಗುವನ್ನು ಪೋಷಿಸುವ ಮಾಸು ಬೆಳೆದಂತೆಲ್ಲ ಅದು ಸ್ರವಿಸುವ ಹಾರ್ಮೋನುಗಳು ತಾಯಿಯ ದೇಹದಲ್ಲಿ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಪಡಿಸುತ್ತವೆ. ಇದು ಪ್ರಕೃತಿಯೇ ಮಾಡಿಕೊಂಡ ಏರ್ಪಾಟು: ತಾಯಿಯ ರಕ್ತದಲ್ಲಿ ಸಕ್ಕರೆ ಸ್ವಲ್ಪ ಹೆಚ್ಚು ಹೊತ್ತು ಉಳಿದರೆ ಮಗುವಿಗೆ ಆಹಾರ ಸರಾಗವಾಗಿ ಸಿಗುತ್ತದೆ. ಎಲ್ಲ ಬಸುರಿಯರಲ್ಲಿಯೂ ಹೀಗೆಯೇ ಆಗುತ್ತದೆ; ಹೆಚ್ಚಿನವರ ಮೇದೋಜೀರಕ ಗ್ರಂಥಿಯು ಇನ್ನಷ್ಟು ಇನ್ಸುಲಿನ್ ತಯಾರಿಸಿ ಅದನ್ನು ಸರಿದೂಗಿಸುತ್ತದೆ, ಕೆಲವರದು ಅಷ್ಟನ್ನು ತಯಾರಿಸಲಾರದು. ತಂದೆ ಅಥವಾ ತಾಯಿಗೆ ಮಧುಮೇಹವಿದ್ದರೆ ಹೀಗಾಗುವ ಸಾಧ್ಯತೆ ಹೆಚ್ಚು. ಮೂರನೆಯ ತಿಂಗಳಲ್ಲಿ 112 ಇದ್ದದ್ದು ಈಗ 162 ಆದದ್ದಕ್ಕೂ ಇದೇ ಕಾರಣ, ಏಕೆಂದರೆ ಮಾಸಿನ ಈ ಒತ್ತಡ ಬಲವಾಗುವುದು ಸುಮಾರು 24 ವಾರಗಳ ನಂತರ. ಪರೀಕ್ಷೆಯನ್ನು ಎರಡು ಬಾರಿ, ಅಂದರೆ ಮೊದಲ ಭೇಟಿಯಲ್ಲಿ ಮತ್ತು 24ರಿಂದ 28 ವಾರಗಳ ನಡುವೆ, ಮಾಡಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿ ಹೇಳುವುದು ಇದಕ್ಕಾಗಿಯೇ. ನಿಮ್ಮಲ್ಲಿ ಆ ಎರಡನೆಯ ಪರೀಕ್ಷೆ ತಪ್ಪದೆ ನಡೆದಿದೆ, ಅದು ನಿಮ್ಮ ಮಗುವಿಗೆ ದೊರೆತ ದೊಡ್ಡ ಅನುಕೂಲ.

ನೀವು ಕುಡಿದದ್ದು 75 ಗ್ರಾಂ ಗ್ಲೂಕೋಸ್. ಹೊಟ್ಟೆಗೆ ಏನಾದರೂ ಬಿದ್ದಿರಲಿ ಬಿಡಲಿ, ಎರಡು ಗಂಟೆಯ ನಂತರ 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗರ್ಭಾವಸ್ಥೆಯ ಮಧುಮೇಹ ಎಂದು ಪರಿಗಣಿಸುವ ಈ ಸರಳ ಕ್ರಮ ರೂಪುಗೊಂಡದ್ದು ನಮ್ಮ ನೆರೆಯ ಚೆನ್ನೈನಲ್ಲಿ, ಡಾ. ವಿ. ಶೇಷಯ್ಯ ಮತ್ತು ಅವರ ಸಂಗಡಿಗರ ಕೆಲಸದಿಂದ. ಹಳ್ಳಿಯಿಂದ ಬಸ್ಸು ಹಿಡಿದು ಬರುವ ಬಸುರಿಯನ್ನು ಬರಿಹೊಟ್ಟೆಯಲ್ಲಿ ಮತ್ತೊಂದು ದಿನ ಬಾ ಎಂದರೆ ಅವಳು ಬರದೇ ಹೋಗಬಹುದು ಎಂಬ ಕಾಳಜಿ ಅದರ ಹಿಂದಿದೆ. ಅವರ ಹುಟ್ಟುಹಬ್ಬವಾದ ಮಾರ್ಚ್ 10ನ್ನು ದೇಶದಲ್ಲಿ ಗರ್ಭಾವಸ್ಥೆಯ ಮಧುಮೇಹ ಜಾಗೃತಿ ದಿನವಾಗಿ ಆಚರಿಸುತ್ತಾರೆ.

ಇನ್ನು ಮಗುವಿನ ವಿಷಯ. ತಾಯಿಯ ರಕ್ತದ ಸಕ್ಕರೆ ಮಾಸನ್ನು ದಾಟಿ ಮಗುವನ್ನು ಸೇರುತ್ತದೆ, ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಹೆಚ್ಚಾಗಿ ಬಂದ ಸಕ್ಕರೆಯನ್ನು ನಿಭಾಯಿಸಲು ಮಗು ತಾನೇ ಹೆಚ್ಚು ಇನ್ಸುಲಿನ್ ತಯಾರಿಸುತ್ತದೆ, ಅದರಿಂದ ಮೈಯಲ್ಲಿ ಕೊಬ್ಬು ತುಂಬಿ ಭುಜ ಅಗಲವಾಗುತ್ತದೆ ಮತ್ತು ಹೆರಿಗೆ ಕಷ್ಟವಾಗುತ್ತದೆ. ಹುಟ್ಟಿ ಹೊಕ್ಕುಳಬಳ್ಳಿ ಕತ್ತರಿಸಿದ ಕೂಡಲೇ ತಾಯಿಯಿಂದ ಬರುವ ಸಕ್ಕರೆ ನಿಲ್ಲುತ್ತದೆ, ಆದರೆ ಮಗುವಿನ ಇನ್ಸುಲಿನ್ ಇನ್ನೂ ಹೆಚ್ಚಾಗಿಯೇ ಇರುವುದರಿಂದ ಅದರ ರಕ್ತದ ಸಕ್ಕರೆ ಕುಸಿಯಬಹುದು. ಡೆನ್ಮಾರ್ಕಿನ ವೈದ್ಯ ಯೋರ್ಗೆನ್ ಪೆಡರ್ಸನ್ 1950ರ ದಶಕದಲ್ಲಿಯೇ ಹೀಗೆಂದು ವಿವರಿಸಿದ್ದರು. ಒಂಬತ್ತು ದೇಶಗಳ ಸುಮಾರು 25,000 ಗರ್ಭಿಣಿಯರನ್ನು ಗಮನಿಸಿ 2008ರಲ್ಲಿ ಪ್ರಕಟವಾದ ಅಧ್ಯಯನವು, ತಾಯಿಯ ಸಕ್ಕರೆ ಮೆಟ್ಟಿಲು ಮೆಟ್ಟಿಲಾಗಿ ಏರಿದಂತೆ ಮಗುವಿನ ತೂಕವೂ ತೊಡಕುಗಳೂ ಹಾಗೆಯೇ ಏರುತ್ತವೆ ಎಂದು ತೋರಿಸಿತು. ಇದನ್ನು ತಿರುಗಿಸಿ ಓದಿದರೆ ನಿಮಗೆ ಧೈರ್ಯ ಬರಬೇಕು: ಈಗ ನೀವು ಇಳಿಸುವ ಒಂದೊಂದು ಅಂಕಿಯೂ ಮಗುವಿಗೆ ಸಲ್ಲುತ್ತದೆ. ಮಗುವಿನ ಅಂಗಾಂಗಗಳು ರೂಪುಗೊಳ್ಳುವ ಮೊದಲ ಮೂರು ತಿಂಗಳಲ್ಲಿ ನಿಮ್ಮ ಸಕ್ಕರೆ ಸರಿಯಾಗಿಯೇ ಇತ್ತು ಎಂಬುದನ್ನೂ ಮರೆಯಬೇಡಿ.

ಗುರಿ ಇಷ್ಟು: ಬರಿಹೊಟ್ಟೆಯಲ್ಲಿ 95ಕ್ಕಿಂತ ಕಡಿಮೆ, ಊಟವಾಗಿ ಎರಡು ಗಂಟೆಯ ನಂತರ 120ಕ್ಕಿಂತ ಕಡಿಮೆ. ಎರಡು ವಾರದ ಪಥ್ಯ ಮತ್ತು ನಡಿಗೆಯಿಂದ ಅದು ಸಾಧ್ಯವಾಗದಿದ್ದರೆ ಔಷಧ ಬೇಕು. ಕೆಲವರಿಗೆ ಮೆಟ್‌ಫಾರ್ಮಿನ್ ಮಾತ್ರೆ ಕೊಡುತ್ತಾರೆ, ಕೆಲವರಿಗೆ ಇನ್ಸುಲಿನ್. ಇನ್ಸುಲಿನ್ ಮಾಸನ್ನು ದಾಟುವುದಿಲ್ಲವಾದ್ದರಿಂದ ಮಗುವಿನ ಬಗ್ಗೆ ಭಯ ಬೇಡ. ಅದು ಚಟವಾಗಿ ಅಂಟಿಕೊಳ್ಳುವಂಥದ್ದೂ ಅಲ್ಲ. ಹೆರಿಗೆಯಾಗಿ ಮಾಸು ಹೊರಬಂದ ಮೇಲೆ ಒತ್ತಡ ಇಳಿಯುತ್ತದೆ, ಬಹುಪಾಲು ತಾಯಂದಿರಿಗೆ ಇನ್ಸುಲಿನ್ ಅಲ್ಲಿಗೇ ನಿಲ್ಲುತ್ತದೆ. ಇನ್ಸುಲಿನ್ ಬೇಕಾಯಿತೆಂದರೆ ನೀವು ಪಥ್ಯದಲ್ಲಿ ಸೋತಿರಿ ಎಂದು ದಯವಿಟ್ಟು ಭಾವಿಸಬೇಡಿ. ಅದಕ್ಕೆ ಹೆದರಿ ಊಟವನ್ನೇ ಬಿಟ್ಟು, ತಲೆಸುತ್ತಿ ಬಿದ್ದು ಆಸ್ಪತ್ರೆಗೆ ಬಂದವರನ್ನು ನಾನು ನೋಡಿದ್ದೇನೆ. ಔಷಧದ ನಿರ್ಧಾರ ನಿಮ್ಮನ್ನು ಪರೀಕ್ಷಿಸುವ ವೈದ್ಯರದೇ. ನಿಮ್ಮ ಈ ನಾಲ್ಕು ದಿನದ ಪುಸ್ತಕವನ್ನು ಅವರಿಗೆ ತೋರಿಸಿ, ಅಂಥ ಪುಸ್ತಕ ತಂದವರಿಗೆ ಸಾಲು ಎಷ್ಟೇ ಉದ್ದವಿದ್ದರೂ ವೈದ್ಯರು ಸಮಯ ಕೊಡುತ್ತಾರೆ.

ಉತ್ತರ 2: ಆಹಾರ ತಜ್ಞೆ, ಮೈಸೂರು

ನಿಮ್ಮ ಪುಸ್ತಕದಲ್ಲಿಯೇ ಅರ್ಧ ಉತ್ತರವಿದೆ. ರಾಗಿ ಒಳ್ಳೆಯದು ಎಂಬ ಮಾತು ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಅದನ್ನು ಎಷ್ಟು ತಿಂದರೂ ಹೇಗೆ ತಿಂದರೂ ಸಕ್ಕರೆ ಏರುವುದಿಲ್ಲ ಎಂದು ಬಹಳ ಜನ ನಂಬಿದ್ದಾರೆ. ರಾಗಿಯಲ್ಲಿ ಸುಣ್ಣದ ಅಂಶ ಧಾರಾಳವಾಗಿದೆ, 100 ಗ್ರಾಂನಲ್ಲಿ 340 ಮಿಲಿಗ್ರಾಂಗೂ ಮೇಲೆ, ಅದು ಬಸುರಿಗೆ ಬೇಕಾದದ್ದೇ, ನಾರೂ ಇದೆ. ಆದರೆ 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಪಿಷ್ಟವೂ ಇದೆ, ಅಕ್ಕಿಗಿಂತ ಬಹಳವೇನೂ ಕಡಿಮೆಯಲ್ಲ. ನುಣ್ಣಗಿನ ಹಿಟ್ಟನ್ನು ನೀರಿನಲ್ಲಿ ಕುದಿಸಿ ತೆಳ್ಳಗೆ ಮಾಡಿ ಕುಡಿದರೆ ಅದು ಹೊಟ್ಟೆಯಲ್ಲಿ ನಿಲ್ಲದೆ ಬೇಗ ಇಳಿದು ಬೇಗ ಸಕ್ಕರೆಯಾಗುತ್ತದೆ, ಮೇಲೆ ಬೆಲ್ಲವೂ ಸೇರಿತ್ತು. ರಕ್ತದ ಸಕ್ಕರೆಯ ಲೆಕ್ಕದಲ್ಲಿ ಬೆಲ್ಲ, ಸಕ್ಕರೆ, ಜೇನುತುಪ್ಪ ಎಲ್ಲವೂ ಒಂದೇ ಬಳಗ. ಮುದ್ದೆ ಗಟ್ಟಿಯಾದದ್ದು, ಅದರ ಜೊತೆ ಹುರುಳಿಯ ಪ್ರೋಟೀನ್ ಮತ್ತು ನಾರು ಇದ್ದವು, ಹಾಗಾಗಿ ನಿಧಾನವಾಗಿ ಕರಗಿತು. ಧಾನ್ಯ ಒಂದೇ ಆದರೂ ಅಡುಗೆಯ ರೀತಿ ಮತ್ತು ಜೊತೆಗಾರರು ಬೇರೆ.

ಎರಡನೆಯ ಕಾರಣ ಹೊತ್ತು. ಬೆಳಗಿನ ಜಾವದಲ್ಲಿ ಕಾರ್ಟಿಸಾಲ್ ಮೊದಲಾದ ಹಾರ್ಮೋನುಗಳು ಹೆಚ್ಚಿರುವುದರಿಂದ ಇನ್ಸುಲಿನ್ ಅತ್ಯಂತ ಸೊರಗಿರುವುದು ತಿಂಡಿಯ ಹೊತ್ತಿಗೆ. ನಮ್ಮ ತಿಂಡಿಗಳೋ ಬಹುತೇಕ ಅಕ್ಕಿ, ಅವಲಕ್ಕಿ, ರವೆಯವೇ: ಇಡ್ಲಿ, ದೋಸೆ, ಚಿತ್ರಾನ್ನ, ಉಪ್ಪಿಟ್ಟು. ಆದ್ದರಿಂದ ಬದಲಾವಣೆ ಶುರುವಾಗಬೇಕಾದದ್ದು ತಿಂಡಿಯಿಂದ, ರಾತ್ರಿಯ ಮುದ್ದೆಯಿಂದಲ್ಲ. ನಾಲ್ಕು ಇಡ್ಲಿಯ ಬದಲು ಎರಡು ಇಡ್ಲಿ, ಒಂದು ಬಟ್ಟಲು ಗಟ್ಟಿ ತೊವ್ವೆ ಅಥವಾ ತರಕಾರಿ ತುಂಬಿದ ಸಾಂಬಾರು, ಮೊಟ್ಟೆ ತಿನ್ನುವವರಾದರೆ ಒಂದು ಬೇಯಿಸಿದ ಮೊಟ್ಟೆ. ಇನ್ನೊಂದು ದಿನ ಹೆಸರುಕಾಳು ನೆನೆಸಿ ರುಬ್ಬಿದ ದೋಸೆ ಎರಡು. ಮತ್ತೊಂದು ದಿನ ಒಂದು ಜೋಳದ ರೊಟ್ಟಿ, ಕಾಳುಪಲ್ಯ, ಮೊಸರು. ಹನ್ನೊಂದು ಗಂಟೆಗೆ ಶಾಲೆಯಲ್ಲಿ ಬಿಡುವು ಸಿಕ್ಕಾಗ ಒಂದು ಹಿಡಿ ಹುರಿಗಡಲೆ ಅಥವಾ ಒಂದು ಲೋಟ ಮಜ್ಜಿಗೆಯ ಜೊತೆ ಸೌತೆಕಾಯಿ. ತಿಂಡಿಯನ್ನು ಹೀಗೆ ಎರಡಾಗಿ ಒಡೆದರೆ ಹೊಟ್ಟೆಯೂ ತುಂಬುತ್ತದೆ, ಅಂಕಿಯೂ ಏರುವುದಿಲ್ಲ.

ಮಧ್ಯಾಹ್ನದ ತಟ್ಟೆಗೆ ಮೊದಲು ಸೊಪ್ಪಿನ ಪಲ್ಯ, ಕೋಸಂಬರಿ ಬಡಿಸಿಕೊಂಡು ಅರ್ಧ ತಟ್ಟೆ ಅದೇ ತುಂಬುವಂತೆ ನೋಡಿಕೊಳ್ಳಿ, ಅವನ್ನೇ ಮೊದಲು ತಿನ್ನಿ; ಅನ್ನ ಒಂದು ಬಟ್ಟಲು ಆಮೇಲೆ ಬರಲಿ. ಬಸ್ಸಾರು, ಉಪ್ಪುಸಾರು ಮಾಡಿದ ದಿನ ಬಸಿದ ಸೊಪ್ಪು ಕಾಳನ್ನೆಲ್ಲ ಪಲ್ಯವಾಗಿ ನೀವೇ ಹೆಚ್ಚು ತಿನ್ನಬಹುದು. ಅತ್ತೆಯವರ ಅಕ್ಕರೆಯನ್ನು ತಡೆಯಬೇಡಿ, ಅದರ ದಿಕ್ಕು ತಿರುಗಿಸಿ: ಇನ್ನೊಂದು ಸೌಟು ಬಡಿಸುವುದೇ ಆದರೆ ಅದು ಕಾಳಿನ ಸೌಟಾಗಿರಲಿ ಎಂದು ಕೇಳಿಕೊಳ್ಳಿ. ಹಣ್ಣಿನಲ್ಲಿ ಸೀಬೆ, ಕಿತ್ತಳೆ, ನೇರಳೆ ಒಂದೊಂದು ಹೊತ್ತಿಗೆ ಒಂದಿಷ್ಟು ಸರಿ, ರಸ ಹಿಂಡಿ ಕುಡಿಯುವುದು ಬೇಡ. ನೀವು ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯ ಊಟ ಮಾಡುವವರಾದರೆ ಮೊಟ್ಟೆ, ಹಾಲು, ಸಾಂಬಾರು ನಿಮಗೆ ಹೇಳಿ ಮಾಡಿಸಿದಂತಿವೆ; ಅನ್ನವನ್ನು ಕಡಿಮೆ ಹಾಕಿಸಿಕೊಂಡು, ಬೆಲ್ಲದ ಚಿಕ್ಕಿಯನ್ನು ಮನೆಯ ಬೇರೆಯವರಿಗೆ ಕೊಡಿ.

ಆದರೆ ಪಿಷ್ಟವನ್ನು ಪೂರ್ತಿ ಬಿಡುವುದು ತಪ್ಪು. ಬಸುರಿಗೆ ದಿನಕ್ಕೆ ಕನಿಷ್ಠ 175 ಗ್ರಾಂ ಪಿಷ್ಟ ಬೇಕೆಂದು ಲೆಕ್ಕ ಹಾಕಿದ್ದಾರೆ. ಅದು ಸಿಗದಿದ್ದರೆ ದೇಹ ಕೊಬ್ಬನ್ನು ಕರಗಿಸಿ ಕೀಟೋನ್ ಉಂಟುಮಾಡುತ್ತದೆ, ಅದು ಮಗುವಿಗೆ ಒಳ್ಳೆಯದಲ್ಲ. ಸೀಮಂತದ ದಿನ ಮಡಿಲು ತುಂಬಿಸಿಕೊಳ್ಳಿ, ಎಲ್ಲರ ಕೈಯಿಂದಲೂ ಸಿಹಿಯನ್ನು ಮುಟ್ಟಿಸಿಕೊಳ್ಳಿ, ನುಂಗುವುದು ಮಾತ್ರ ಒಂದು ಚೂರು ಇರಲಿ, ಮತ್ತು ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಹಿತ್ತಲಲ್ಲಿ ನಡೆಯಿರಿ. ನಡೆಯುವ ಕಾಲುಗಳ ಸ್ನಾಯು ಇನ್ಸುಲಿನ್ನಿಗೆ ಕಾಯದೆಯೇ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಈ ಔಷಧಿಗೆ ದುಡ್ಡು ಬೇಕಾಗಿಲ್ಲ.

ನಮ್ಮ ಊರಿನದೇ ಒಂದು ಸಂಗತಿಯನ್ನು ಹೇಳಬೇಕು. 1997–98ರಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಗೆ ಬಂದ ಗರ್ಭಿಣಿಯರನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು ಆರು ಮಂದಿಯಲ್ಲಿ ಈ ತೊಂದರೆ ಕಂಡಿತ್ತು. ಸಂಶೋಧಕರು ಅಲ್ಲಿಗೇ ಬಿಡದೆ ಹುಟ್ಟಿದ ಮಕ್ಕಳನ್ನು ವರ್ಷ ವರ್ಷ ಅಳೆದು ನೋಡುತ್ತ ಬಂದರು. ಮಧುಮೇಹವಿದ್ದ ತಾಯಂದಿರ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಐದನೆಯ ವಯಸ್ಸಿಗೇ ಮೈಕೊಬ್ಬು ಹೆಚ್ಚಿತ್ತು. ಆದ್ದರಿಂದ ಈ ಮೂರು ತಿಂಗಳ ಪಥ್ಯ ಹೆರಿಗೆಯೊಂದಕ್ಕಾಗಿ ಮಾತ್ರ ಅಲ್ಲ.

ಉತ್ತರ 3: ಎರಡು ಮಕ್ಕಳ ತಾಯಿ, ದಾವಣಗೆರೆ

ತಂಗಿ, ಮೇಲಿನ ಇಬ್ಬರೂ ತಿಳಿದವರು, ಅವರ ಮಾತಿಗೆ ನಾನು ಏನನ್ನೂ ಸೇರಿಸಲಾರೆ. ನಾನು ಬರೆಯುತ್ತಿರುವುದು ಹೆರಿಗೆಯ ನಂತರದ ವಿಷಯ, ಏಕೆಂದರೆ ಅದರಲ್ಲಿ ನಾನು ತಪ್ಪಿದ್ದೇನೆ.

ನನಗೂ ಚೊಚ್ಚಲಿನಲ್ಲಿ ಹೀಗೆಯೇ ಆಗಿತ್ತು. ಹತ್ತು ವಾರ ಇನ್ಸುಲಿನ್ ತೆಗೆದುಕೊಂಡೆ, ಮಗಳು ಮೂರು ಕಿಲೋ ತೂಕದೊಂದಿಗೆ ಚೆನ್ನಾಗಿಯೇ ಹುಟ್ಟಿದಳು. ಮೂರನೆಯ ದಿನ ಆಸ್ಪತ್ರೆಯಿಂದ ಬಿಟ್ಟರು, ಸಕ್ಕರೆ ಈಗ ನಾರ್ಮಲ್ ಎಂದರು. ಆರು ವಾರಕ್ಕೆ ಮತ್ತೆ ಗ್ಲೂಕೋಸ್ ಪರೀಕ್ಷೆ ಮಾಡಿಸಬೇಕೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಡಿಸ್ಚಾರ್ಜ್ ಚೀಟಿಯ ಕೊನೆಯ ಸಾಲಿನಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತಂತೆ. ನಾನು ಅದನ್ನು ಓದಿದ್ದು ನಾಲ್ಕು ವರ್ಷದ ಮೇಲೆ. ತವರಿನಲ್ಲಿ ಬಾಣಂತನ. ಅಮ್ಮ ದೊಡ್ಡ ಸ್ಟೀಲ್ ಡಬ್ಬಿಯ ತುಂಬ ಅಂಟಿನುಂಡೆ ಕಟ್ಟಿ ಮಂಚದ ಕೆಳಗೆ ಇಟ್ಟಿದ್ದರು. ಕೊಬ್ಬರಿ, ಉತ್ತತ್ತಿ, ಬೆಲ್ಲ, ತುಪ್ಪ. ರಾತ್ರಿ ಮಗುವಿಗೆ ಹಾಲು ಕುಡಿಸಿ ಕೈ ಕೆಳಗೆ ಚಾಚಿದರೆ ಉಂಡೆ ಸಿಗುತ್ತಿತ್ತು. ಒಂಬತ್ತು ತಿಂಗಳು ಬಾಯಿ ಕಟ್ಟಿದ್ದೇನೆ, ಇನ್ನೇನು ಭಯವಿಲ್ಲ ಎಂದುಕೊಂಡೆ. ಅಮ್ಮನ ತಪ್ಪು ಎಂದು ನಾನು ಹೇಳುತ್ತಿಲ್ಲ; ಅವರಿಗೆ ಗೊತ್ತಿದ್ದ ಆರೈಕೆ ಅದು.

ನಾಲ್ಕು ವರ್ಷದ ನಂತರ ಎರಡನೆಯದು ನಿಂತಾಗ ಎಂಟನೆಯ ವಾರದಲ್ಲಿ ರಕ್ತ ಕೊಟ್ಟೆ. ಬರಿಹೊಟ್ಟೆಯಲ್ಲಿಯೇ 148. ಇದು ಬಸಿರಿನಿಂದ ಬಂದದ್ದಲ್ಲ, ನಿಮಗೆ ಬಹಳ ಹಿಂದೆಯೇ ಮಧುಮೇಹ ನೆಲೆಸಿದೆ ಎಂದು ವೈದ್ಯರು ಹೇಳಿದರು. ಆಗ ಮಗುವಿನ ಹೃದಯ ರೂಪುಗೊಳ್ಳುತ್ತಿದ್ದ ವಾರಗಳು. ಐದನೆಯ ತಿಂಗಳಲ್ಲಿ ಮಗುವಿನ ಹೃದಯದ ವಿಶೇಷ ಸ್ಕ್ಯಾನ್ ಮಾಡಿಸುವವರೆಗೆ ನಾನು ಪಟ್ಟ ಸಂಕಟವನ್ನು ಇಲ್ಲಿ ಬರೆಯಲಾರೆ. ಸ್ಕ್ಯಾನಿನಲ್ಲಿ ಎಲ್ಲವೂ ಸರಿಯಾಗಿತ್ತು, ಮಗನಿಗೆ ಈಗ ಎರಡು ವರ್ಷ. ಮೊದಲ ಹೆರಿಗೆಯಾದ ಆರು ವಾರಕ್ಕೆ ಅಥವಾ ಆಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿದ್ದರೆ ಇದು ಮೊದಲೇ ತಿಳಿಯುತ್ತಿತ್ತು, ಸಕ್ಕರೆಯನ್ನು ಹತೋಟಿಗೆ ತಂದುಕೊಂಡೇ ಎರಡನೆಯ ಮಗುವಿನ ಯೋಚನೆ ಮಾಡುತ್ತಿದ್ದೆ. ನೀನು ಆ ತಾರೀಖನ್ನು ಈಗಲೇ ಬರೆದಿಟ್ಟುಕೋ.

ಉತ್ತರ 4: ಶುಶ್ರೂಷಕಿ, ಪ್ರಾಥಮಿಕ ಆರೋಗ್ಯ ಕೇಂದ್ರ

ಮೀಟರಿನ ಬಗ್ಗೆ ಎರಡು ಮಾತು. ಹಣ್ಣು ಹೆಚ್ಚಿದ ಕೈಯಿಂದಲೇ ಬೆರಳು ಚುಚ್ಚಿಕೊಂಡರೆ ಚರ್ಮದ ಮೇಲಿನ ರಸದಿಂದಲೇ ಅಂಕಿ ಹೆಚ್ಚು ಬರುತ್ತದೆ. ಸೋಪು ಹಚ್ಚಿ ತೊಳೆದು, ಚೆನ್ನಾಗಿ ಒಣಗಿಸಿದ ಮೇಲೆ ಬೆರಳ ತುದಿಯ ಮಧ್ಯಕ್ಕಲ್ಲದೆ ಪಕ್ಕಕ್ಕೆ ಚುಚ್ಚಿರಿ, ನೋವೂ ಕಡಿಮೆ. ಎರಡು ಗಂಟೆಯನ್ನು ಎಣಿಸಬೇಕಾದದ್ದು ಮೊದಲ ತುತ್ತಿನಿಂದ.

ಇನ್ಸುಲಿನ್ ಶುರುವಾದರೆ ಬಾಟಲಿಯನ್ನು ಫ್ರಿಜ್ಜಿನ ಬಾಗಿಲಿನ ಅಂಕಣದಲ್ಲಿಡಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಇಡಬಾರದು, ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬಾರದು. ಫ್ರಿಜ್ ಇಲ್ಲದ ಮನೆಗಳಲ್ಲಿ ನೀರು ತುಂಬಿದ ಮಣ್ಣಿನ ಮಡಕೆಯೊಳಗೆ, ಬಾಟಲಿಗೆ ನೀರು ತಾಗದಂತೆ ಡಬ್ಬಿಯಲ್ಲಿ ಹಾಕಿ ಇಡಲು ಹೇಳುತ್ತೇವೆ. ಕೈ ನಡುಗಿ, ಬೆವತು, ಕಣ್ಣು ಮಂಜಾದರೆ ಸಕ್ಕರೆ 70ಕ್ಕಿಂತ ಕೆಳಗಿಳಿದಿರಬಹುದು. ತಕ್ಷಣ ಮೂರು ಚಮಚ ಗ್ಲೂಕೋಸ್ ಪುಡಿಯನ್ನು ಅರ್ಧ ಲೋಟ ನೀರಿಗೆ ಹಾಕಿ ಕುಡಿದು, ಆಮೇಲೆ ಏನಾದರೂ ತಿನ್ನಬೇಕು. ಆ ಪುಡಿ ನಿಮ್ಮ ಶಾಲೆಯ ಚೀಲದಲ್ಲಿಯೂ ಇರಲಿ. ದಿನಕ್ಕೊಮ್ಮೆ ಊಟವಾದ ಮೇಲೆ ಮಗ್ಗುಲಾಗಿ ಮಲಗಿ ಮಗುವಿನ ಒದೆತ ಎಣಿಸಿರಿ. ಎರಡು ಗಂಟೆಯೊಳಗೆ ಆರು ಸಲ ಒದೆಯದಿದ್ದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.

ಪ್ರಶ್ನೆ ಕೇಳಿದವರ ಮರುಮಾತು (ಹದಿಮೂರು ದಿನಗಳ ನಂತರ)

ಎಲ್ಲರಿಗೂ ಕೃತಜ್ಞತೆಗಳು. ಗಂಜಿ ಬಿಟ್ಟೆ. ಅತ್ತೆಯವರಿಗೆ ಮೀಟರಿನ ಅಂಕಿಗಳನ್ನು ತೋರಿಸಿ, ಗಂಜಿಯ ದಿನ 158, ಮುದ್ದೆಯ ದಿನ 118 ಎಂದು ಓದಿ ಹೇಳಿದೆ. ಅವರು ಎರಡು ದಿನ ಏನೂ ಮಾತನಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನಾನು ಏಳುವ ಮೊದಲೇ ಹೆಸರುಕಾಳು ರುಬ್ಬಿಟ್ಟಿದ್ದರು. ಈಗ ಎರಡು ಗಂಟೆಯಾಗುತ್ತಲೇ ಎಷ್ಟು ಬಂತು ಎಂದು ಮೊದಲು ಕೇಳುವವರು ಅವರೇ.

ಮಧ್ಯಾಹ್ನ, ರಾತ್ರಿಯ ಅಂಕಿಗಳು 120ರ ಒಳಗೆ ಬಂದಿವೆ. ತಿಂಡಿಯ ನಂತರ ಮಾತ್ರ ಎಷ್ಟು ಜಾಗ್ರತೆ ಮಾಡಿದರೂ 128, 131. ನಿನ್ನೆ ವೈದ್ಯರು ಪುಸ್ತಕವನ್ನು ಪೂರ್ತಿ ಓದಿ, ಬೆಳಿಗ್ಗೆ ಒಂದು ಹೊತ್ತು ಮಾತ್ರ ಸಣ್ಣ ಪ್ರಮಾಣದ ಇನ್ಸುಲಿನ್ ಶುರು ಮಾಡಿದ್ದಾರೆ. ಮೊದಲ ಸೂಜಿಯನ್ನು ಯಜಮಾನರು ಹಾಕಿದರು, ಇಂದು ನಾನೇ ಹಾಕಿಕೊಂಡೆ. ದಾವಣಗೆರೆಯ ಅಕ್ಕ, ಹೆರಿಗೆಯ ತಾರೀಖಿಗೆ ಆರು ವಾರ ಕೂಡಿಸಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ, ತವರಿಗೂ ಫೋನ್ ಮಾಡಿ ಅಮ್ಮನಿಗೆ ತಿಳಿಸಿದ್ದೇನೆ. ಒಂದು ಸಂದೇಹ ಉಳಿದಿದೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸಿಸೇರಿಯನ್ ಮಾಡಲೇಬೇಕು ಎಂದು ಶಾಲೆಯಲ್ಲಿ ಹೇಳುತ್ತಾರೆ, ಅದು ನಿಜವೇ?

ಉತ್ತರ 5: ಪ್ರಸೂತಿ ವೈದ್ಯೆ, ತಾಲ್ಲೂಕು ಆಸ್ಪತ್ರೆ

ನಿಜವಲ್ಲ. ಸಕ್ಕರೆ ಹತೋಟಿಯಲ್ಲಿದ್ದು, ಮಗುವಿನ ಬೆಳವಣಿಗೆ ಹದವಾಗಿದ್ದರೆ ಸಹಜ ಹೆರಿಗೆಗೆ ಅಡ್ಡಿಯಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ನೋವು ತಾನಾಗಿ ಬಾರದಿದ್ದರೆ 39 ವಾರ ತುಂಬಿದ ಮೇಲೆ ಬರಿಸುವ ಬಗ್ಗೆ ಯೋಚಿಸುತ್ತಾರೆ. ಮಗುವಿನ ತೂಕ ನಾಲ್ಕು ಕಿಲೋ ಮೀರಬಹುದೆಂದು ಸ್ಕ್ಯಾನಿನಲ್ಲಿ ಕಂಡರೆ ಸಿಸೇರಿಯನ್ ಮಾತು ಬರುತ್ತದೆ. ಅವಧಿಗೆ ಮುಂಚೆಯೇ ಹೆರಿಗೆಯ ಸೂಚನೆ ಕಂಡು ಮಗುವಿನ ಶ್ವಾಸಕೋಶ ಬಲಿಯಲೆಂದು ಸ್ಟೆರಾಯ್ಡ್ ಚುಚ್ಚುಮದ್ದು ಕೊಟ್ಟರೆ ಕೆಲವು ದಿನ ಅಂಕಿಗಳು ಜಿಗಿಯುತ್ತವೆ, ಆಗ ಗಾಬರಿಯಾಗದೆ ಹೆಚ್ಚು ಬಾರಿ ಪರೀಕ್ಷಿಸಿ ವೈದ್ಯರಿಗೆ ತಿಳಿಸಿರಿ.

ಹೆರಿಗೆಗೆ ತವರಿಗೆ ಹೋಗುವುದಾದರೆ ನವಜಾತ ಶಿಶುವಿನ ಆರೈಕೆಯ ಘಟಕವಿರುವ ಆಸ್ಪತ್ರೆ ಅಲ್ಲಿ ಯಾವುದೆಂದು ಈಗಲೇ ವಿಚಾರಿಸಿಟ್ಟುಕೊಳ್ಳಿ, ತಾಯಿ ಕಾರ್ಡ್ ಮತ್ತು ಆ ಪುಸ್ತಕವನ್ನು ಜೊತೆಗೆ ಒಯ್ಯಿರಿ. ಮಗು ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕುಡಿಸಿರಿ, ಜೇನುತುಪ್ಪ, ಸಕ್ಕರೆ ನೀರು ಏನೂ ಬೇಡ. ಅದರ ಸಕ್ಕರೆ ನೋಡಲು ಹಿಮ್ಮಡಿಗೆ ಚುಚ್ಚುತ್ತಾರೆ. ಮಗು ಅತ್ತರೂ ಬೇಡ ಎನ್ನಬೇಡಿ ಎಂದು ಅಜ್ಜಿಯರಿಬ್ಬರಿಗೂ ಮೊದಲೇ ಹೇಳಿಡಿ.